ಬಂದುದನ್ನು ಹಿಡಿಯುವ ಕೈ



ಈ ಅಂಕಣದಲ್ಲಿ ನಾವು ಆಟೋಟಗಳ ವಿಚಾರವನ್ನು ಬರೆದುದು ತೀರ ವಿರಳ. ಬರೆಯುವ ಯೋಗ್ಯತೆಯೂ ನಮಗಿಲ್ಲವೆಂದೇ ತಿಳಿದಿದ್ದೆವು. ಮಠದ ಪಾಠಶಾಲೆಯಲ್ಲಿ ಅಮರಕೋಶವನ್ನೂ ಶಬ್ದಮಣಿದರ್ಪಣವನ್ನೂ ಬಾಯಿಪಾಠ ಮಾಡುತ್ತ ಬೆಳೆದ ನಮಗೆ ಆಟವೆಂದರೆ ಸಂಜೆಯ ಗಂಟೆ ಬಾರಿಸುವವರೆಗಿನ ಚಿನ್ನಿದಾಂಡು ಮತ್ತು ಲಗೋರಿ, ಅಷ್ಟೇ. ಆದರೆ ಈ ಸಲ ಆಟದ ಮಾತೇ ನಮ್ಮ ಮನೆಯ ಜಗುಲಿಗೆ ಬಂದು ಕುಳಿತುದರಿಂದ ತಪ್ಪಿಸಿಕೊಳ್ಳುವ ದಾರಿ ಉಳಿಯಲಿಲ್ಲ.

ಕಳೆದ ತಿಂಗಳು ಪೀಣ್ಯದಿಂದ ಗೃಹಸ್ಥರೊಬ್ಬರು ಪತ್ನೀಸಮೇತರಾಗಿ ಬಂದಿದ್ದರು. ಮೂವತ್ತು ವರ್ಷಗಳ ಹಿಂದೆ ಗುಬ್ಬಿಯ ಕಡೆಯ ಹಳ್ಳಿಯಿಂದ ಬಂದು ಕಾರ್ಖಾನೆಯೊಂದರಲ್ಲಿ ಟರ್ನರ್ ಆಗಿ ಸೇರಿ, ಮುಂದೆ ಸ್ವಂತ ಶೆಡ್ಡಿನಲ್ಲಿ ಎರಡು ಲೇತ್‌ಗಳನ್ನು ಹಾಕಿಕೊಂಡು ಸಂಸಾರವನ್ನು ದಡ ಸೇರಿಸಿದವರು. ಒಬ್ಬನೇ ಮಗ, ಬಿ.ಕಾಂ. ಎರಡನೆಯ ವರ್ಷ. ಕಾಲೇಜಿನ ಕ್ರಿಕೆಟ್ ತಂಡದಲ್ಲಿ ಸ್ಲಿಪ್ ಎಂಬ ಸ್ಥಾನದಲ್ಲಿ ನಿಲ್ಲುವ ಹುಡುಗ. ಅಂತರಕಾಲೇಜು ಪಂದ್ಯವೊಂದರ ಕೊನೆಯ ಗಳಿಗೆಯಲ್ಲಿ ಕೈಗೆ ಬಂದ ಕ್ಯಾಚನ್ನು ಬಿಟ್ಟ. ಅದೇ ಬ್ಯಾಟ್ಸ್‌ಮನ್ ನಿಂತು ಪಂದ್ಯವನ್ನು ಗೆದ್ದುಕೊಂಡು ಹೋದ. ಅಂದು ಕ್ಯಾಚು ಬಿಟ್ಟವನು ಮರುದಿನ ಮೈದಾನ ಬಿಟ್ಟ, ಆಮೇಲೆ ಗೆಳೆಯರನ್ನು ಬಿಟ್ಟ, ಕೊನೆಗೆ ಊಟವನ್ನೂ ಅರ್ಧಕ್ಕೆ ಬಿಡತೊಡಗಿದ.

"ಗುರುಗಳೇ, ಹೇಗೂ ಆಟ ಬಿಟ್ಟಿದಾನೆ. ಇನ್ನು ಆ ಕಡೆ ತಲೆ ಹಾಕದ ಹಾಗೆ ನೀವೇ ಒಂದು ಮಾತು ಹೇಳಿಬಿಡಿ. ಓದು ಮುಗಿಸಿ ಎಲೆಕ್ಟ್ರಾನಿಕ್ ಸಿಟಿ ಕಡೆ ಒಂದು ಕೆಲಸ ಹಿಡೀಲಿ, ಇಲ್ಲಾ ಶೆಡ್ಡಿಗೆ ಬರಲಿ" ಎಂಬುದು ತಂದೆಯ ಅಹವಾಲು. ತಾಯಿ ಅಷ್ಟು ಹೊತ್ತೂ ಮೌನವಾಗಿದ್ದರು. ಹೊರಡುವಾಗ ಸೆರಗನ್ನು ಸರಿಪಡಿಸಿಕೊಳ್ಳುತ್ತ, "ಅವನು ಹೊಟ್ಟೆ ತುಂಬ ಉಂಡರೆ ಸಾಕು ಗುರುಗಳೇ. ಆಟದ ಮಾತು ಆಮೇಲಾಯ್ತು" ಎಂದರು.

ಒಂದು ಮಾತಿನಲ್ಲಿ ಹೇಳಿ ಕಳುಹಿಸಬಹುದಿತ್ತು. ಆದರೆ ತಿಳಿಯದ ವಿಷಯದಲ್ಲಿ ತೀರ್ಪು ಕೊಡಬಾರದೆಂದು ನಮ್ಮ ಗುರುಗಳು ಕಲಿಸಿದ್ದರಾಗಿ, ಎರಡು ವಾರಗಳ ಅವಕಾಶ ಕೇಳಿಕೊಂಡು, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಅಮೆರಿಕದ ಕಂಪನಿಯೊಂದಕ್ಕೆ ರಾತ್ರಿ ಪಾಳಿಯ ಕೆಲಸ ಮಾಡುವ, ನಮ್ಮ ಪರಿಚಯದ ಮನೆತನದ ತರುಣನೊಬ್ಬನ ಬಳಿಗೆ ಹೋದೆವು. ಅವನಿಗೆ ಜಗತ್ತಿನ ಆಟಗಳೆಲ್ಲ ಕರತಲಾಮಲಕ. ಈಗ ಹಳದಿ ಮಾರ್ಗದ ಮೆಟ್ರೋ ಆ ಕಡೆಗೆ ೨೦೨೫ರ ಆಗಸ್ಟಿನಿಂದ ಓಡುತ್ತಿರುವುದರಿಂದ ನಮ್ಮಂಥವರಿಗೂ ಹೊಸೂರು ರಸ್ತೆಯ ಧೂಳು ಕುಡಿಯುವ ಕಷ್ಟ ತಪ್ಪಿದೆ.

ಹಿಡಿಯುವುದೇ ಮುಖ್ಯವಾದ ಆಟಗಾರರು ಯಾರಿದ್ದಾರಪ್ಪ ಎಂದು ನಾವು ಕೇಳಲು, ಅವನು ಮೊದಲು ತೋರಿಸಿದುದು ಅಮೆರಿಕದ ಕಾಲೇಜು ಫುಟ್‌ಬಾಲನ್ನು. ಹೆಸರಿಗೆ ಫುಟ್‌ಬಾಲಾದರೂ ಆ ಆಟದಲ್ಲಿ ಕಾಲಿಗಿಂತ ಕೈಗೇ ಕೆಲಸ ಹೆಚ್ಚು. ಚೆಂಡು ದುಂಡಗಿಲ್ಲ, ಎರಡೂ ತುದಿ ಮೊನಚು. ಪಕ್ಷಕ್ಕೆ ೧೧ ಜನ. ಅವರಲ್ಲಿ ಟೈಟ್ ಎಂಡ್ ಎಂಬ ಸ್ಥಾನದವನ ಪಾಡು ವಿಚಿತ್ರವಾದುದು. ಸಾಲಿನ ಕೊನೆಯಲ್ಲಿ ಮಹಾಕಾಯರ ಮಗ್ಗುಲಿಗೆ ನಿಂತು, ಚೆಂಡನ್ನು ಒಯ್ಯುವವನಿಗೆ ದಾರಿಯಾಗಲೆಂದು ಎದುರಾಳಿಗಳನ್ನು ಮೈಯೊಡ್ಡಿ ತಡೆಯುವುದು ಅವನ ಒಂದು ಕೆಲಸ. ಮರುಗಳಿಗೆಯಲ್ಲಿ ಅದೇ ಮನುಷ್ಯ ಸಾಲಿನಿಂದ ಕಳಚಿಕೊಂಡು ಓಡಿ, ಹಿಂದಿನಿಂದ ಎಸೆದ ಚೆಂಡನ್ನು ನಾಲ್ಕು ಜನರ ನಡುವೆ ಹಿಡಿಯಬೇಕು. ಅತ್ತ ಗೋಡೆ, ಇತ್ತ ಬೊಗಸೆ.

ಈ ಸ್ಥಾನದಲ್ಲಿ ಇತ್ತೀಚೆಗೆ ದೊಡ್ಡ ಹೆಸರು ಮಾಡಿದವನು ಜಾರ್ಜಿಯಾ ವಿಶ್ವವಿದ್ಯಾಲಯದ ಬ್ರಾಕ್ ಬವರ್ಸ್. ೨೦೨೧ರಿಂದ ೨೦೨೩ರವರೆಗಿನ ಮೂರು ಋತುಗಳಲ್ಲಿ ೧೭೫ ಸಲ ಚೆಂಡು ಹಿಡಿದು, ೨,೫೩೮ ಗಜ ದೂರ ಗಳಿಸಿಕೊಟ್ಟ. ಹಾಗೆ ಹಿಡಿದ ಚೆಂಡಿನೊಡನೆ ೨೬ ಸಲ ಎದುರಾಳಿಯ ಕೊನೆಯ ಗೆರೆಯನ್ನು ದಾಟಿದ. ಕಾಲೇಜು ಟೈಟ್ ಎಂಡ್‌ಗಳಲ್ಲಿ ಶ್ರೇಷ್ಠನಾದವನಿಗೆ ೨೦೦೦ದಿಂದ ಕೊಡುತ್ತ ಬಂದಿರುವ ಜಾನ್ ಮ್ಯಾಕಿ ಪ್ರಶಸ್ತಿಯನ್ನು ಎರಡು ಸಲ, ೨೦೨೨ ಮತ್ತು ೨೦೨೩ರಲ್ಲಿ, ಪಡೆದವನು ಇವನೇ ಮೊದಲಿಗ. ೨೦೨೩ರ ಅಕ್ಟೋಬರಿನಲ್ಲಿ ಕಾಲಿನ ಹರಡಿಗೆ ಶಸ್ತ್ರಚಿಕಿತ್ಸೆಯಾಗಿ, ತಿಂಗಳು ತುಂಬುವುದರೊಳಗೆ ಮತ್ತೆ ಮೈದಾನಕ್ಕಿಳಿದನಂತೆ. ವೃತ್ತಿಪರ ಆಟಕ್ಕೆ ಹೋದ ಮೊದಲ ವರ್ಷವೇ, ೨೦೨೪ರಲ್ಲಿ, ೧೧೨ ಸಲ ಹಿಡಿದು ಹೊಸಬರ ದಾಖಲೆಯನ್ನು ಮುರಿದ.

ಅಷ್ಟೆಲ್ಲ ಅಂಕಿಗಳ ನಡುವೆ ನಮ್ಮ ಕಿವಿ ನಿಮಿರಿದ್ದು ಒಂದು ಮಾತಿಗೆ. "ತಾತ, ಅಲ್ಲಿ ಚೆಂಡು ಎಷ್ಟು ಸಲ ಇವನ ಕಡೆ ಬಂತು, ಎಷ್ಟು ಹಿಡಿದ, ಎಷ್ಟು ಬಿಟ್ಟ, ಎಲ್ಲಾ ಲೆಕ್ಕ ಇಡ್ತಾರೆ" ಎಂದ. ನಮ್ಮ ಕ್ರಿಕೆಟ್ಟಿನಲ್ಲಿ ಹೇಗಪ್ಪ ಎಂದೆವು. "ನಮ್ಮಲ್ಲಿ ಸ್ಕೋರ್ ಕಾರ್ಡಲ್ಲಿ ಹಿಡಿದದ್ದು ಮಾತ್ರ ಬರೀತಾರೆ, ಬಿಟ್ಟದ್ದು ಬರೆಯೋಲ್ಲ." ಆ ಪೀಣ್ಯದ ಹುಡುಗನ ಮುಖವನ್ನು ನಾವಿನ್ನೂ ನೋಡಿರಲಿಲ್ಲ. ಆದರೆ ಯಾವ ಕಾಗದದಲ್ಲೂ ಇಲ್ಲದ ಲೆಕ್ಕವನ್ನು ಅವನೊಬ್ಬನೇ ಬರೆದಿಟ್ಟುಕೊಂಡು ಕುಳಿತಿದ್ದಾನೆಂದು ಆಗ ಅರಿವಾಯಿತು.

"ಅಷ್ಟು ದೂರ ಯಾಕೆ ತಾತ, ನಮ್ಮೂರಲ್ಲೇ ಒಬ್ಬರಿದಾರಲ್ಲ" ಎಂದು ಆ ತರುಣ ಹೇಳಿದುದು ರಾಹುಲ್ ದ್ರಾವಿಡ್ ಅವರ ಹೆಸರನ್ನು. ನಾವೂ ಹೆಸರು ಕೇಳದವರಲ್ಲ. ಗೋಡೆಯೆಂದು ಲೋಕ ಅವರನ್ನು ಕರೆದುದನ್ನೂ ಬಲ್ಲೆವು. ಆದರೆ ಆ ಗೋಡೆಗೆ ಎರಡು ಕೈಗಳೂ ಇದ್ದವೆಂಬ ಕಡೆಗೆ ನಮ್ಮ ಲಕ್ಷ್ಯ ಹೋಗಿರಲಿಲ್ಲ. ಬಹುಮಂದಿಯ ಲಕ್ಷ್ಯವೂ ಹೋಗಿಲ್ಲವೆಂದೇ ತೋರುತ್ತದೆ. ೧೬೪ ಟೆಸ್ಟುಗಳಲ್ಲಿ ೧೩,೨೮೮ ಓಟಗಳೆಂದರೆ ಎಲ್ಲರೂ ತಲೆದೂಗುತ್ತಾರೆ. ೨೧೦ ಕ್ಯಾಚುಗಳೆಂದರೆ, ಹೌದೇ, ಎನ್ನುತ್ತಾರೆ.

೧೯೭೩ರ ಜನವರಿ ೧೧ರಂದು ಇಂದೋರಿನಲ್ಲಿ ಹುಟ್ಟಿದ ಈ ಬಾಲಕ ಬೆಳೆದುದೆಲ್ಲ ಬೆಂಗಳೂರಿನಲ್ಲಿ. ತಂದೆ ಜಾಮ್ ತಯಾರಿಸುವ ಕಿಸಾನ್ ಕಂಪನಿಯಲ್ಲಿದ್ದರು. ಗೆಳೆಯರು 'ಜ್ಯಾಮಿ' ಎಂದು ಕರೆದುದು ಅದರಿಂದಲೇ. ತಾಯಿ ವಿಶ್ವೇಶ್ವರಯ್ಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ವಾಸ್ತುಶಿಲ್ಪದ ಪ್ರಾಧ್ಯಾಪಕಿ. ಅಂದರೆ ಸಂಬಳದ ಮನೆ, ಓದಿನ ಮನೆ. ಸೇಂಟ್ ಜೋಸೆಫ್ ಶಾಲೆಯಲ್ಲಿ ಓದುತ್ತ, ಚಿನ್ನಸ್ವಾಮಿ ಕ್ರೀಡಾಂಗಣದ ಶಿಬಿರದಲ್ಲಿ ಕೇಕಿ ತಾರಾಪೋರ್ ಎಂಬ ಹಿರಿಯ ಶಿಕ್ಷಕರ ಕೈಯಲ್ಲಿ ಪಳಗಿದ ಈ ಹುಡುಗ ಶಾಲಾ ತಂಡದಲ್ಲಿ ವಿಕೆಟ್ ಕೀಪರನೂ ಆಗಿದ್ದ. ಬ್ಯಾಟಿಂಗಿನ ಕಡೆಗೆ ಮನಸ್ಸು ಕೊಡೆಂದು ಗುಂಡಪ್ಪ ವಿಶ್ವನಾಥ್ ಮೊದಲಾದ ಹಿರಿಯರು ಹೇಳಿದ ಮೇಲೆ ಕೈಗವಸನ್ನು ಕೆಳಗಿಟ್ಟ.

ಆ ಮೇಲೆ ಸೇಂಟ್ ಜೋಸೆಫ್ ವಾಣಿಜ್ಯ ಕಾಲೇಜು. ೧೯೯೧ರ ಫೆಬ್ರುವರಿಯಲ್ಲಿ, ಹದಿನೆಂಟು ತುಂಬಿದ ಮರುತಿಂಗಳೇ, ಕಾಲೇಜಿನ ಪುಸ್ತಕಗಳನ್ನು ಮುಚ್ಚಿಟ್ಟು ಪುಣೆಗೆ ಹೋಗಿ, ಮಹಾರಾಷ್ಟ್ರದ ವಿರುದ್ಧ ತಮ್ಮ ಮೊದಲ ರಣಜಿ ಪಂದ್ಯದಲ್ಲಿ ೮೨ ಓಟ ಹೊಡೆದರು. ಪೋಷಕರು ಗಮನಿಸಬೇಕಾದ ಸಂಗತಿಯೊಂದಿದೆ. ರಣಜಿ ಆಡಿದೆನೆಂದು ಪುಸ್ತಕಗಳು ಮುಚ್ಚಿದಂತೆಯೇ ಉಳಿಯಲಿಲ್ಲ. ಪದವಿ ಮುಗಿಯಿತು, ಅದರ ಮೇಲೆ ವ್ಯವಹಾರಾಡಳಿತದ ಸ್ನಾತಕೋತ್ತರ ವ್ಯಾಸಂಗಕ್ಕೂ ಸೇರಿದರು. ದೇಶದ ತಂಡದ ಕರೆ ಬಂದಾಗ ಅವರಿನ್ನೂ ವಿದ್ಯಾರ್ಥಿ. ೧೯೯೬ರ ಜೂನ್ ೨೦ರಂದು ಲಾರ್ಡ್ಸ್ ಮೈದಾನದಲ್ಲಿ ಆರಂಭವಾದ ಪಂದ್ಯ ಅವರ ಮೊದಲ ಟೆಸ್ಟು. ನೂರಕ್ಕೆ ಐದು ಕಡಿಮೆ, ೯೫.

ಇನ್ನು ಹಿಡಿಯುವ ವಿಚಾರ. ನಾವು ಇದನ್ನು ಸ್ವಲ್ಪ ವಿಸ್ತಾರವಾಗಿ ಕೇಳಿ ತಿಳಿದುಕೊಂಡೆವು. ಏಕೆಂದರೆ ಚಿನ್ನಿದಾಂಡಿನಲ್ಲಿ ಗಾಳಿಯಲ್ಲಿ ಬಂದ ಚಿನ್ನಿಯನ್ನು ಹಿಡಿಯಲು ಹೋಗಿ ಹುಬ್ಬಿನ ಮೇಲೆ ಪೆಟ್ಟು ತಿಂದ ಗುರುತು ನಮ್ಮ ಮುಖದ ಮೇಲೆ ಇಂದಿಗೂ ಇದೆ. ಮಠದ ಅಡಿಗೆಯ ಅಜ್ಜ ಅರಿಸಿನ ಮೆತ್ತುತ್ತ, "ಚಿನ್ನಿಯನ್ನು ಹೊಡೆಯೋಕೆ ಹೋದೆಯೇನೋ, ಹಿಡಿಯೋಕೆ ಹೋದೆಯೇನೋ" ಎಂದು ಬೈದಿದ್ದು ನೆನಪಿದೆ. ಅಜ್ಜನ ಮಾತಿನಲ್ಲಿ ಶಾಸ್ತ್ರವೇ ಇತ್ತು.

ಕ್ರಿಕೆಟ್ ಚೆಂಡಿನ ತೂಕ ಸುಮಾರು ೧೬೦ ಗ್ರಾಂ. ಕಲ್ಲಿನಷ್ಟೇ ಗಟ್ಟಿ. ಅದು ಬ್ಯಾಟಿನ ಅಂಚಿಗೆ ಸೋಕಿ, ವಿಕೆಟ್ ಕೀಪರನ ಮಗ್ಗುಲಲ್ಲಿ ನಿಂತಿರುವ ಸ್ಲಿಪ್ಪಿನವನ ಕಡೆಗೆ ಧಾವಿಸುತ್ತದೆ. ಉಳಿದ ಕ್ಷೇತ್ರರಕ್ಷಕರಿಗೆ ಇರುವಂತೆ ಅವನ ಕೈಗೆ ಗವಸಿಲ್ಲ. ಅಯ್ಯೋ, ತಪ್ಪಿ ಬರೆದೆವು, ಗವಸಿರುವುದು ಕೀಪರನಿಗೊಬ್ಬನಿಗೇ, ಉಳಿದವರೆಲ್ಲರದೂ ಬರಿಗೈ. ವೇಗದ ಬೌಲರನಾದರೆ ಸ್ಲಿಪ್ಪಿನವನು ಹಲವು ಗಜ ಹಿಂದೆ ನಿಲ್ಲುತ್ತಾನೆ, ಅರ್ಧ ಸೆಕೆಂಡಿನಷ್ಟು ಸಮಯ ಸಿಕ್ಕೀತು. ಕುಂಬ್ಳೆಯವರಂಥ ಸ್ಪಿನ್ನರನಾದರೆ ಬ್ಯಾಟಿನಿಂದ ಕೆಲವೇ ಹೆಜ್ಜೆಗಳ ದೂರ. ಕಣ್ಣು ಕಂಡುದನ್ನು ಕೈಗೆ ಹೇಳುವಷ್ಟರಲ್ಲಿ ಚೆಂಡು ದಾಟಿಹೋಗಿರುತ್ತದೆ. ಆದುದರಿಂದ ಕೈ ಮೊದಲೇ ಸಿದ್ಧವಾಗಿರಬೇಕು, ಆದರೆ ಬಿಗಿಯಾಗಿರಬಾರದು. ಬಿಗಿದ ಕೈಗೆ ಬಡಿದ ಚೆಂಡು ಪುಟಿದೇಳುತ್ತದೆ. ಮೂರು ಸೆಂಟಿಮೀಟರಿನಲ್ಲಿ ತಡೆಯುವ ಬದಲು ಮೂವತ್ತು ಸೆಂಟಿಮೀಟರಿನಷ್ಟು ಕೈಯನ್ನು ಹಿಂದಕ್ಕೆ ಒಯ್ಯುತ್ತ ತಡೆದರೆ ಅಂಗೈಗೆ ತಗಲುವ ಬಲ ಹತ್ತರಲ್ಲಿ ಒಂದಕ್ಕೆ ಇಳಿಯುತ್ತದೆಂದು ಭೌತಶಾಸ್ತ್ರ ಬಲ್ಲ ಆ ತರುಣ ಲೆಕ್ಕ ಹಾಕಿ ತೋರಿಸಿದ. ಮನೆಗೆ ಬಂದ ಅತಿಥಿಯನ್ನು ಎರಡು ಹೆಜ್ಜೆ ಹಿಂದೆ ಸರಿದು ಒಳಕ್ಕೆ ಕರೆದುಕೊಳ್ಳುವ ಹಾಗೆ, ಎಂದು ನಾವು ಅರ್ಥ ಮಾಡಿಕೊಂಡೆವು.

ಇದಕ್ಕಿಂತಲೂ ಕಷ್ಟದ್ದು ಕಾಯುವುದು. ದಿನವೊಂದಕ್ಕೆ ತೊಂಬತ್ತು ಓವರು, ಐನೂರ ನಲವತ್ತು ಎಸೆತ. ಪ್ರತಿ ಎಸೆತಕ್ಕೂ ಮೊಣಕಾಲು ಬಾಗಿಸಿ, ಇದು ನನ್ನ ಕಡೆಗೇ ಬರುತ್ತದೆಂದು ನಂಬಿ ಕೂರಬೇಕು. ಬರುವುದು ದಿನಕ್ಕೆ ಒಂದೋ ಎರಡೋ, ಕೆಲವು ದಿನ ಒಂದೂ ಇಲ್ಲ. ದ್ರಾವಿಡರ ೨೧೦ ಕ್ಯಾಚುಗಳನ್ನು ೧೬೪ ಪಂದ್ಯಗಳಿಗೆ ಹಂಚಿದರೆ ಐದು ದಿನದ ಪಂದ್ಯಕ್ಕೆ ಸರಾಸರಿ ಒಂದೂಕಾಲು ಮಾತ್ರ! ಆ ಒಂದೂಕಾಲಿಗಾಗಿ ಸಾವಿರಾರು ಸಲ ಬಾಗಿ ಏಳುವುದು. ಜಪಕ್ಕೆ ಕುಳಿತವರಿಗೆ ಈ ಮಾತಿನ ಭಾರ ತಿಳಿದೀತು.

ಹಿಡಿದ ಮೇಲಾದರೂ ಕೀರ್ತಿ ಯಾರಿಗೆ? ವಿಕೆಟ್ಟು ಬೌಲರನ ಖಾತೆಗೆ ಹೋಗುತ್ತದೆ. ಅನಿಲ್ ಕುಂಬ್ಳೆಯವರ ೬೧೯ ಟೆಸ್ಟ್ ವಿಕೆಟ್ಟುಗಳಲ್ಲಿ ೫೫ ಬಿದ್ದುದು ದ್ರಾವಿಡರ ಕೈಯಲ್ಲಿ. ಹೆಚ್ಚುಕಡಿಮೆ ಹನ್ನೊಂದರಲ್ಲಿ ಒಂದು. ಹರಭಜನ್ ಸಿಂಗರ ಎಸೆತಕ್ಕೆ ೫೧. ಇಬ್ಬರು ಕನ್ನಡಿಗರು, ಒಬ್ಬ ಎಸೆದು ಇನ್ನೊಬ್ಬ ಹಿಡಿದು, ಹನ್ನೆರಡು ವರ್ಷದ ಆಸುಪಾಸಿನಲ್ಲಿ ನಡೆಸಿದ ಈ ಜೋಡಿ ಕಾಯಕವನ್ನು ಕುರಿತು ನಮ್ಮ ಪತ್ರಿಕೆಗಳಲ್ಲಿ ಬಂದುದು ಸಾಲದೆಂದು ನಮ್ಮ ಅಭಿಪ್ರಾಯ.

೨೦೦೩ರ ಡಿಸೆಂಬರಿನ ಅಡಿಲೇಡ್ ಪಂದ್ಯವನ್ನೇ ನೋಡಿ. ಆಸ್ಟ್ರೇಲಿಯಾ ಮೊದಲು ೫೫೬ ಹೊಡೆದಿತ್ತು. ಅಷ್ಟು ದೊಡ್ಡ ಮೊತ್ತದ ಎದುರಿಗೂ ಭಾರತ ಗೆದ್ದಿತು. ದ್ರಾವಿಡರು ಮೊದಲ ಸಲ ೨೩೩, ಎರಡನೆಯ ಸಲ ಔಟಾಗದೆ ೭೨ ಹೊಡೆದು ಗೆಲುವಿನ ಓಟವನ್ನೂ ತಾವೇ ಗಳಿಸಿದರೆಂಬುದು ಮಕ್ಕಳಿಗೂ ಗೊತ್ತು. ಆದರೆ ಗೆಲುವಿನ ಗುರಿ ೨೩೦ಕ್ಕೆ ಇಳಿದುದು ಹೇಗೆ? ಆಸ್ಟ್ರೇಲಿಯಾ ಎರಡನೆಯ ಸಲ ೧೯೬ಕ್ಕೆ ಕುಸಿದುದರಿಂದ. ಅದರಲ್ಲಿ ಡೇಮಿಯನ್ ಮಾರ್ಟಿನ್ ಮತ್ತು ಸ್ಟೀವ್ ವಾ ಬೇರೂರುತ್ತಿದ್ದ ಹೊತ್ತಿನಲ್ಲಿ ಸಚಿನ್ ತೆಂಡೂಲ್ಕರರ ಎಸೆತಕ್ಕೆ ಇಬ್ಬರನ್ನೂ ಸ್ಲಿಪ್ಪಿನಲ್ಲಿ ಹಿಡಿದವರು ದ್ರಾವಿಡರೇ. ಆ ಎರಡು ಕ್ಯಾಚುಗಳು ನೆಲಕ್ಕೆ ಬಿದ್ದಿದ್ದರೆ ಆ ೭೨ ಓಟಗಳ ಕಥೆ ಬೇರೆಯೇ ಆಗುತ್ತಿತ್ತೋ ಏನೋ.

ಟೈಟ್ ಎಂಡ್‌ನ ಎರಡು ಕೆಲಸದ ಮಾತು ಇಲ್ಲಿ ಮತ್ತೆ ಬರುತ್ತದೆ. ಬಾಲ್ಯದಲ್ಲಿ ಹಿರಿಯರ ಮಾತಿಗೆ ಕೆಳಗಿಟ್ಟ ಕೈಗವಸನ್ನು ದೇಶದ ತಂಡಕ್ಕಾಗಿ ಅವರು ಮತ್ತೆ ತೊಡಬೇಕಾಯಿತು. ೧೯೯೯ರ ವಿಶ್ವಕಪ್ಪಿನಲ್ಲಿ ಟಾಂಟನ್ನಿನಲ್ಲಿ ಶ್ರೀಲಂಕೆಯ ವಿರುದ್ಧ ಸೌರವ್ ಗಂಗೂಲಿಯವರೊಡನೆ ೩೧೮ ಓಟಗಳ ಜೊತೆಯಾಟ ಕಟ್ಟಿ ೧೪೫ ಹೊಡೆದ ದಿನ ವಿಕೆಟ್ ಕಾದವರೂ ಅವರೇ. ೨೦೦೨ರಿಂದ ಮುಂದಕ್ಕಂತೂ, ಏಕದಿನ ಪಂದ್ಯಗಳಲ್ಲಿ ಇನ್ನೊಬ್ಬ ಬ್ಯಾಟ್ಸ್‌ಮನ್‌ಗೆ ಜಾಗ ಮಾಡಿಕೊಡಬೇಕೆಂಬ ಕಾರಣಕ್ಕೆ ಆ ಭಾರ ಅವರ ಹೆಗಲಿಗೇರಿತು. ೨೦೦೩ರ ವಿಶ್ವಕಪ್ಪಿನಲ್ಲಿ ಫೈನಲ್ಲಿನವರೆಗೂ ಅವರೇ ಕೀಪರು. ಒಟ್ಟು ೭೩ ಏಕದಿನ ಪಂದ್ಯಗಳಲ್ಲಿ ಹೀಗೆ ಕುಕ್ಕರುಗಾಲಿನಲ್ಲಿ ಕುಳಿತು ಎದ್ದು, ಆ ಮೇಲೆ ಬ್ಯಾಟನ್ನೂ ಬೀಸಿದರು. ಕೂಡುಕುಟುಂಬದಲ್ಲಿ ಹಿರಿಯ ಸೊಸೆ ತನ್ನ ಪಾಲಿಗೆ ಬಾರದ ಕೆಲಸವನ್ನೂ ಸದ್ದಿಲ್ಲದೆ ಎತ್ತಿಕೊಳ್ಳುವುದನ್ನು ನಮ್ಮ ಓದುಗ ತಾಯಂದಿರು ಬಲ್ಲರು. ಅಂಥವರಿಗೆ ಯಾರೂ ಪ್ರಶಸ್ತಿ ಕೊಡುವುದಿಲ್ಲ, ಅದು ಬೇರೆ ಮಾತು.

ವಿಕೆಟ್ ಕೀಪಿಂಗಿನಲ್ಲಿ ಕರ್ನಾಟಕದ ಹೆಸರನ್ನು ಅವರಿಗಿಂತ ಮುಂಚೆಯೇ ಎತ್ತಿ ಹಿಡಿದವರು ಸೈಯದ್ ಕಿರ್ಮಾನಿ. ೮೮ ಟೆಸ್ಟುಗಳಲ್ಲಿ ೧೬೦ ಕ್ಯಾಚು, ೩೮ ಸ್ಟಂಪಿಂಗ್. ೧೯೮೩ರ ವಿಶ್ವಕಪ್ಪಿನಲ್ಲಿ ಶ್ರೇಷ್ಠ ಕೀಪರನೆಂಬ ಗೌರವ. ಹುಡುಗನಾಗಿದ್ದಾಗ ಬೀದಿಯ ಆಟದಲ್ಲಿ ಗವಸಿಲ್ಲದೆ ಇಟ್ಟಿಗೆಗಳನ್ನೇ ಕೈಯಲ್ಲಿ ಹಿಡಿದು ಚೆಂಡು ತಡೆಯುತ್ತಿದ್ದೆನೆಂದು ಅವರೇ ಹೇಳಿಕೊಂಡಿದ್ದಾರೆ. ೧೯೭೪ರಲ್ಲಿ ಕರ್ನಾಟಕ ಮೊದಲ ಸಲ ರಣಜಿ ಗೆದ್ದಾಗ ನಾವು ಪಾಠಶಾಲೆಯ ಹುಡುಗರು. ಆಕಾಶವಾಣಿಯಲ್ಲಿ ಆ ಸುದ್ದಿ ಕೇಳಿ ಪ್ರಾರ್ಥನೆಗೆ ತಡವಾಗಿ ಹೋಗಿ ಎಲ್ಲರೂ ಬಸ್ಕಿ ಹೊಡೆದೆವು.

ದಾಖಲೆಯ ಮಾತನ್ನೂ ಹೇಳಿಬಿಡಬೇಕು. ಕೀಪರನಲ್ಲದವರು ಟೆಸ್ಟಿನಲ್ಲಿ ಹಿಡಿದ ಕ್ಯಾಚುಗಳಲ್ಲಿ ಆಸ್ಟ್ರೇಲಿಯಾದ ಮಾರ್ಕ್ ವಾ ಅವರ ೧೮೧ ಮೇಲಾಗಿತ್ತು. ೨೦೦೯ರ ಏಪ್ರಿಲಿನಲ್ಲಿ ನ್ಯೂಜಿಲೆಂಡಿನ ವೆಲಿಂಗ್ಟನ್ನಿನಲ್ಲಿ, ಜಹೀರ್ ಖಾನರ ಎಸೆತಕ್ಕೆ ಟಿಮ್ ಸೌಥಿಯನ್ನು ಹಿಡಿದು ದ್ರಾವಿಡರು ಅದನ್ನು ದಾಟಿದರು. ೨೦೧೨ರ ಮಾರ್ಚ್ ೯ರಂದು ಬೆಂಗಳೂರಿನಲ್ಲಿ ನಿವೃತ್ತಿಯನ್ನು ಸಾರಿದಾಗ ಸಂಖ್ಯೆ ೨೧೦ಕ್ಕೆ ನಿಂತಿತ್ತು. ಅದು ಹದಿಮೂರು ವರ್ಷ ಅಲ್ಲಾಡಲಿಲ್ಲ. ೨೦೨೫ರ ಜುಲೈಯಲ್ಲಿ ಇಂಗ್ಲೆಂಡಿನ ಜೋ ರೂಟ್, ಎಡಕ್ಕೆ ಹಾರಿ ಒಂದೇ ಕೈಯಲ್ಲಿ, ತಮ್ಮ ೨೧೧ನೆಯ ಕ್ಯಾಚನ್ನು ಹಿಡಿದರು. ಹಿಡಿದ ಸ್ಥಳ ಲಾರ್ಡ್ಸ್, ದ್ರಾವಿಡರು ಮೊದಲ ಟೆಸ್ಟ್ ಆಡಿದ ಮೈದಾನವೇ. ಔಟಾದವರು ಕರುಣ್ ನಾಯರ್, ಬೆಂಗಳೂರಿನಲ್ಲೇ ಬೆಳೆದ ಹುಡುಗ! ಕಾಕತಾಳೀಯವೆಂಬ ಶಬ್ದಕ್ಕೆ ಉದಾಹರಣೆ ಕೇಳುವ ವಿದ್ಯಾರ್ಥಿಗಳಿಗೆ ಇನ್ನು ಮೇಲೆ ಇದನ್ನೇ ಹೇಳಬಹುದು.

ಇಷ್ಟನ್ನು ಗುರುತು ಹಾಕಿಕೊಂಡು, ಮುಂದಿನ ಭಾನುವಾರ ನಾವೇ ಪೀಣ್ಯಕ್ಕೆ ಹೋದೆವು. ಮನೆಯ ಮುಂಭಾಗವೇ ಶೆಡ್ಡು. ಹುಡುಗ ಬಂದು ನಮಸ್ಕರಿಸಿ ದೂರ ನಿಂತ. ಕೃಶನಾಗಿದ್ದ. ನಾವು ಕ್ಯಾಚಿನ ಮಾತೆತ್ತದೆ ದ್ರಾವಿಡರ ಇನ್ನೊಂದು ಸಂಗತಿಯನ್ನು ಹೇಳಿದೆವು. ೨೦೧೭ರ ಜನವರಿಯಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಡಲು ಮುಂದಾದಾಗ, ಕ್ರೀಡಾಕ್ಷೇತ್ರದಲ್ಲಿ ಸಂಶೋಧನೆ ಮಾಡಿಯೇ ಆ ಪದವಿ ಗಳಿಸಲು ಯತ್ನಿಸುವೆನೆಂದು ಹೇಳಿ ಅವರು ಅದನ್ನು ವಿನಯದಿಂದ ನಿರಾಕರಿಸಿದರು. ನಮ್ಮಂಥ ಪಂಡಿತರ ಬಳಗದಲ್ಲಿ ಇಂಥ ನಿರಾಕರಣೆ ಎಷ್ಟು ಅಪರೂಪವೆಂಬುದನ್ನು ನಾವು ಇಲ್ಲಿ ಬಿಡಿಸಿ ಹೇಳುವುದು ಬೇಡ. ಅನಂತರ ೨೦೧೮ರಲ್ಲಿ ಅವರು ತರಬೇತಿ ಕೊಟ್ಟ ಹತ್ತೊಂಬತ್ತರೊಳಗಿನ ಹುಡುಗರ ತಂಡ ವಿಶ್ವಕಪ್ ಗೆದ್ದಾಗ, ತಮಗೆ ೫೦ ಲಕ್ಷ, ಜೊತೆಯ ಸಹಾಯಕರಿಗೆ ತಲಾ ೨೦ ಲಕ್ಷವೆಂದಾದುದನ್ನು ಒಪ್ಪದೆ, ಎಲ್ಲರಿಗೂ ಸಮನಾಗಿ ೨೫ ಲಕ್ಷವಾಗುವಂತೆ ಮಾಡಿದರು.

"ಅದೆಲ್ಲ ಹಿಡಿದವರ ಕಥೆ ತಾತ" ಎಂದ ಹುಡುಗ, ತಲೆಯೆತ್ತದೆ.

ಮಾತು ನ್ಯಾಯವಾಗಿತ್ತು. ನಮಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಅವನ ತಂದೆಯ ಕಡೆ ತಿರುಗಿ, "ಯಜಮಾನರೇ, ನಿಮ್ಮ ಕೈಯಿಂದ ಎಂದೂ ಪೀಸು ರಿಜೆಕ್ಟ್ ಆದುದಿಲ್ಲವೇ?" ಎಂದು ಕೇಳಿದೆವು. ಅವರು ನಕ್ಕರು. ನಕ್ಕವರು ಸುಮ್ಮನಾದರು. ಆಮೇಲೆ ನಿಧಾನವಾಗಿ ಹೇಳಿದ ಕಥೆ ಇದು: ಕಾರ್ಖಾನೆಗೆ ಸೇರಿದ ಮೊದಲ ತಿಂಗಳು. ಅಳತೆಯ ಗುರುತನ್ನು ತಪ್ಪಾಗಿ ಓದಿ ನಲವತ್ತು ಶಾಫ್ಟುಗಳನ್ನು ಅಳತೆಗಿಂತ ಸಣ್ಣಗೆ ಇಳಿಸಿಬಿಟ್ಟರು. ಲೋಹವನ್ನು ಕೆತ್ತಿದ ಮೇಲೆ ಮತ್ತೆ ಅಂಟಿಸಲಾಗದು. ಮೇಸ್ತ್ರಿ ಎಲ್ಲರೆದುರು ಬೈದು, ಆ ನಲವತ್ತನ್ನೂ ಅವರ ಲೇತಿನ ಪಕ್ಕದಲ್ಲೇ ವಾರವಿಡೀ ಪೇರಿಸಿಟ್ಟರು. ಗುಬ್ಬಿಯ ಬಸ್ಸು ಹತ್ತಲು ಅಂದು ರಾತ್ರಿ ಮೆಜೆಸ್ಟಿಕ್ಕಿಗೆ ಹೋದವರು, ತಮ್ಮನ್ನು ಕಳುಹಿಸಲು ಅವ್ವ ಓಲೆ ಗಿರವಿಯಿಟ್ಟದ್ದು ನೆನಪಾಗಿ, ಬೆಳಗಿನ ಜಾವದವರೆಗೆ ಬೆಂಚಿನ ಮೇಲೆ ಕುಳಿತಿದ್ದು, ಮೊದಲ ಪಾಳಿಗೆ ಹಿಂದಿರುಗಿದರು.

"ಆ ಪೀಸುಗಳ ಪಕ್ಕದಲ್ಲೇ ನಿಂತು ಕೆಲಸ ಮಾಡಿದೆ" ಎಂದರು. ಅವರ ಪತ್ನಿ ಬಾಗಿಲಲ್ಲಿ ನಿಂತಿದ್ದರು. ಈ ಕಥೆಯನ್ನು ಮದುವೆಯಾಗಿ ಇಪ್ಪತ್ತನಾಲ್ಕು ವರ್ಷಗಳಲ್ಲಿ ತಾವೂ ಕೇಳಿರಲಿಲ್ಲವೆಂದು ಆಮೇಲೆ ತಿಳಿಸಿದರು.

ಹುಡುಗ ತಂದೆಯ ಕೈಗಳನ್ನೇ ನೋಡುತ್ತಿದ್ದ. ಬಹಳ ಹೊತ್ತಿನ ಮೇಲೆ ತಾನಾಗಿಯೇ ಬಾಯಿಬಿಟ್ಟ. "ಚೆಂಡು ಸರಿಯಾಗೇ ಬಂತಪ್ಪ. ನಾನು ಅದು ಕೈಗೆ ಬರೋಕೆ ಮುಂಚೆ ಗೆದ್ದಾಯ್ತು ಅಂತ ಪೆವಿಲಿಯನ್ ಕಡೆ ನೋಡಿಬಿಟ್ಟೆ." ಇದನ್ನು ಅವನು ಯಾರೊಡನೆಯೂ ಹೇಳಿರಲಿಲ್ಲ. ತಂಡದವರೆಲ್ಲ ಬಿಸಿಲು ಕಣ್ಣಿಗೆ ಹೊಡೆಯಿತೆಂದು ಸಮಾಧಾನ ಹೇಳಿದ್ದರಂತೆ. ಇವನಿಗೆ ಆ ಸಮಾಧಾನವೇ ಮುಳ್ಳಾಗಿತ್ತು.

ಓದುಗರಲ್ಲಿ ಹಲವರು, ಹಾಗಾದರೆ ನೀವು ತೀರ್ಪೇನು ಕೊಟ್ಟಿರಿ ಎಂದು ಕೇಳುವಿರಿ. ತಂದೆಗೆ ನಾವು ಹೇಳಿದುದು ಇಷ್ಟು. ಎಲ್ಲ ಹುಡುಗರೂ ದ್ರಾವಿಡರಾಗುವುದಿಲ್ಲ. ಕಾಲೇಜು ತಂಡದಲ್ಲಿ ಆಡುವ ನೂರಾರು ಮಂದಿಯಲ್ಲಿ ರಣಜಿಗೆ ಹೋಗುವವರು ಬೆರಳೆಣಿಕೆಯವರು, ಆದುದರಿಂದ ಬಿ.ಕಾಂ. ಮುಗಿಯಲೇಬೇಕು. ಅದರಲ್ಲಿ ರಾಜಿಯಿಲ್ಲ. ಮುಂದೆ ಶೆಡ್ಡೋ ಸಾಫ್ಟ್‌ವೇರೋ ಅವನೇ ನೋಡಿಕೊಳ್ಳಲಿ. ಆದರೆ ಆಟವನ್ನು ಬಿಡುವುದಾದರೆ ಹಿಡಿದ ದಿನ ಬಿಡಲಿ, ಬಿಟ್ಟ ದಿನ ಬಿಡುವುದು ಬೇಡ. ಮಗ ಸೋತು ಬಂದುದನ್ನು ತಮಗಾದ ಅನುಕೂಲವೆಂದು ತಂದೆ ಎಣಿಸಬಾರದು. ಈ ಕೊನೆಯ ಮಾತನ್ನು ಸ್ವಲ್ಪ ಕಟುವಾಗಿಯೇ ಹೇಳಿದೆವೆಂದು ತೋರುತ್ತದೆ. ಅವರು ಬೇಸರಪಡಲಿಲ್ಲ.

ಹುಡುಗನಿಗೆ ಹೇಳಲು ಹೆಚ್ಚೇನೂ ಇರಲಿಲ್ಲ. ೨೧೦ ಹಿಡಿದವರೂ ಎಷ್ಟೋ ಬಿಟ್ಟಿದ್ದಾರೆ, ಬಿಟ್ಟ ಎಸೆತದ ನಂತರದ ಎಸೆತಕ್ಕೂ ಮೊಣಕಾಲು ಬಾಗಿಸಿದ್ದಾರೆ, ಎಂದೆವು. ಪೆವಿಲಿಯನ್ ಕಡೆ ನೋಡಿದೆನೆಂದು ನೀನು ಅಪ್ಪನೆದುರು ಒಪ್ಪಿಕೊಂಡೆಯಲ್ಲ, ಅದನ್ನೇ ನಿನ್ನ ಕೋಚಿಗೂ ಹೇಳು, ತಿದ್ದುವುದಕ್ಕೆ ಅವರಿಗೆ ಬೇಕಾದುದು ಅದು, ಬಿಸಿಲಿನ ನೆಪವಲ್ಲ, ಎಂದೆವು. ಅಂದು ಅವನ ತಾಯಿ ರಾಗಿಮುದ್ದೆ, ಅವರೇಕಾಳಿನ ಸಾರು ಬಡಿಸಿದರು. ಹುಡುಗ ನಮ್ಮ ಪಂಕ್ತಿಯಲ್ಲೇ ಕುಳಿತು ಎರಡನೆಯ ಮುದ್ದೆಯನ್ನು ಕೇಳಿ ಹಾಕಿಸಿಕೊಂಡ. ಆ ತಾಯಿ ಒಳಕ್ಕೆ ಹೋದವರು ಸ್ವಲ್ಪ ಹೊತ್ತು ಹೊರಗೆ ಬರಲಿಲ್ಲ.

ಊಟದ ಮೇಲೆ ತಂದೆಯವರು ೨೦೨೪ರ ಜೂನ್ ೨೯ರ ಮಾತು ತೆಗೆದರು. ಬಾರ್ಬಡೋಸಿನ ಆ ಫೈನಲ್ಲಿನಲ್ಲಿ ಕೊನೆಯ ಓವರಿನ ಮೊದಲ ಎಸೆತವನ್ನು ಡೇವಿಡ್ ಮಿಲ್ಲರ್ ಎತ್ತಿ ಹೊಡೆದಾಗ, ಸೂರ್ಯಕುಮಾರ್ ಯಾದವ್ ಗಡಿಯ ಹಗ್ಗದ ಬಳಿ ಚೆಂಡನ್ನು ಹಿಡಿದು, ತಾವು ಹಗ್ಗ ದಾಟುವ ಮೊದಲು ಅದನ್ನು ಮೇಲಕ್ಕೆ ಎಸೆದು, ಒಳಗೆ ಬಂದು ಮತ್ತೆ ಹಿಡಿದುದನ್ನು ಅವರು ಶೆಡ್ಡಿನ ಹುಡುಗರೊಡನೆ ಟಿ.ವಿ.ಯಲ್ಲಿ ನೋಡಿದ್ದರಂತೆ. "ಆವತ್ತು ಕೋಚು ದ್ರಾವಿಡ್ ಅವರೇ ಅಲ್ವಾ ಗುರುಗಳೇ?" ಎಂದು ಕೇಳಿದರು. ಹೌದೆಂದೆವು. ಆಟವನ್ನು ದ್ವೇಷಿಸುವವರೆಂದು ನಾವು ತಿಳಿದಿದ್ದ ಆ ಮನುಷ್ಯ ಆ ಕ್ಯಾಚನ್ನು ಎದ್ದು ನಿಂತು ಅಭಿನಯಿಸಿ ತೋರಿಸಿದರು.

ಈ ಬರಹವನ್ನು ಮುದ್ರಣಕ್ಕೆ ಕಳುಹಿಸುವ ಹಿಂದಿನ ದಿನ ಅವರ ದೂರವಾಣಿ ಬಂತು. ಹುಡುಗ ಮತ್ತೆ ಅಭ್ಯಾಸಕ್ಕೆ ಹೋಗುತ್ತಿದ್ದಾನೆ. ತಂಡದಲ್ಲಿ ಸ್ಥಾನ ಇನ್ನೂ ಸಿಕ್ಕಿಲ್ಲ, ಹನ್ನೆರಡನೆಯವನಾಗಿ ಇಟ್ಟುಕೊಂಡಿದ್ದಾರೆ. ಬರುವ ವಾರ ಆಲೂರಿನಲ್ಲಿ ರಾಜ್ಯ ಸಂಸ್ಥೆಯ ಮೈದಾನದಲ್ಲಿ ದೊಡ್ಡವರ ಪಂದ್ಯವಿದೆಯಂತೆ, ಅಪ್ಪ ಮಗ ಇಬ್ಬರೂ ಸ್ಲಿಪ್ಪಿನವರನ್ನು ನೋಡಲೆಂದೇ ಹೋಗುವರಂತೆ. ಮಾದಾವರದವರೆಗೆ ಮೆಟ್ರೋ ಇದೆ, ಅಲ್ಲಿಂದ ಮುಂದಕ್ಕೆ ಬಸ್ಸು ಸಿಗುತ್ತದೆಯೇ ಎಂದು ಅವರು ನಮ್ಮನ್ನು ಕೇಳಿದರು. ನಮಗೆ ತಿಳಿದಿರಲಿಲ್ಲ, ವಿಚಾರಿಸಿ ಹೇಳುತ್ತೇವೆಂದೆವು.